ದೋಹದವೂ ಗಂಧೋದ್ವೇಗವೂ
ಗರ್ಭಿಣಿಯ ಘ್ರಾಣವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

೧

ಪುಣೆಯ ಕನ್ನಡ ಮನೆಗಳಲ್ಲಿ ಸೊಸೆಗೋ ಮಗಳಿಗೋ ಗರ್ಭ ನಿಂತ ಸುದ್ದಿ ತಿಳಿದೊಡನೆ ಎರಡು ಭಾಷೆಗಳ ಎರಡು ಮಾತುಗಳು ಕೂಡಿಯೇ ಕೇಳಿಬರುತ್ತವೆ. ನೆರೆಮನೆಯ ಮರಾಠಿ ಗೃಹಿಣಿ 'ಡೋಹಾಳೆ' ಏನೆಂದು ವಿಚಾರಿಸುತ್ತಾಳೆ. ಧಾರವಾಡದಿಂದಲೋ ಬಿಜಾಪುರದಿಂದಲೋ ಬಂದ ಹಿರಿಯಳು 'ಬಯಕೆ' ಏನೆಂದು ಕೇಳುತ್ತಾಳೆ. ಎರಡು ಮಾತುಗಳ ಇಂದಿನ ಅರ್ಥವೂ ಒಂದೇ: ಗರ್ಭಿಣಿಗೆ ಏನು ಬೇಕೆನಿಸುತ್ತದೆ ಎಂಬುದು. ಆದರೆ ಮೊದಲ ಮೂರು ತಿಂಗಳಲ್ಲಿ ಬಹುಮಂದಿ ಸ್ತ್ರೀಯರ ಅನುಭವದಲ್ಲಿ ಮುಂದೆ ನಿಲ್ಲುವುದು 'ಬೇಕು' ಅಲ್ಲ, 'ಬೇಡ'. ಒಗ್ಗರಣೆಯ ಘಾಟು, ಕುದಿಯುವ ಅನ್ನದ ಹಬೆ, ಕಾದ ಎಣ್ಣೆ, ಊದುಬತ್ತಿಯ ಹೊಗೆ, ನಿನ್ನೆಯವರೆಗೆ ಪ್ರಿಯವಾಗಿದ್ದ ಮಲ್ಲಿಗೆ—ಇವುಗಳ ವಾಸನೆಯೇ ಅಸಹ್ಯವಾಗಿ ಹೊಟ್ಟೆ ತೊಳಸುವುದುಂಟು.

ಈ 'ಬೇಡ'ವನ್ನು ನಮ್ಮ ಪೂರ್ವಿಕರು ಗಮನಿಸಿರಲಿಲ್ಲವೆ? ಗಮನಿಸಿದ್ದರು, ಬಹು ಸ್ಪಷ್ಟವಾಗಿಯೇ ಗಮನಿಸಿದ್ದರು. ಆದರೆ ವೈದ್ಯಗ್ರಂಥದಿಂದ ಧರ್ಮಶಾಸ್ತ್ರಕ್ಕೆ, ಧರ್ಮಶಾಸ್ತ್ರದಿಂದ ಆಚಾರಕ್ಕೆ, ಕಾವ್ಯಕ್ಕೆ ವಿಷಯವು ಸಾಗಿದಂತೆ ಬಯಕೆ ಉಳಿಯಿತು, ಹೇಸಿಕೆ ಕಳಚಿಹೋಯಿತು. ಈ ಪಯಣದಲ್ಲಿ ಕಲ್ಯಾಣದ ಚಾಲುಕ್ಯರ ಕನ್ನಡನಾಡಿಗೂ ಪುಣೆಯ ವಿದ್ವತ್ಪರಂಪರೆಗೂ ಪಾತ್ರವಿದೆ. ಅದರ ಮುಖ್ಯ ಘಟ್ಟಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

೨

ಸುಶ್ರುತ ಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯವು ಗರ್ಭಾವಕ್ರಾಂತಿಯನ್ನು ಕುರಿತದ್ದು. ಗರ್ಭಿಣಿಯ ಲಕ್ಷಣಗಳನ್ನು ಎಣಿಸುತ್ತ ಸಂಹಿತಾಕಾರನು ಸ್ತನಾಗ್ರ ಕಪ್ಪಾಗುವುದು, ರೋಮರಾಜಿ ಮೂಡುವುದು, ಎವೆಗಳು ಮುಚ್ಚಿಕೊಳ್ಳುವುದು, ಬಾಯಲ್ಲಿ ನೀರೂರುವುದು, ಮೈ ಜೋಲುವುದು ಇವುಗಳನ್ನು ಹೇಳುತ್ತಾನೆ. ಇವುಗಳ ನಡುವೆ ಎರಡು ಅಂಶಗಳು ವಿಶೇಷವಾಗಿ ಗಮನಾರ್ಹ: ತಾನು ಇಚ್ಛಿಸದೆಯೇ ಅವಳು ವಾಂತಿಮಾಡಿಕೊಳ್ಳುತ್ತಾಳೆ, ಒಳ್ಳೆಯ ಗಂಧದಿಂದಲೂ ಉದ್ವೇಗಗೊಂಡು ಹಿಂಜರಿಯುತ್ತಾಳೆ. ಇಲ್ಲಿ ಆ ಗಂಧಕ್ಕೆ ಕೊಟ್ಟಿರುವ ವಿಶೇಷಣ 'ಶುಭ' ಎಂಬುದು. ದುರ್ಗಂಧಕ್ಕೆ ಯಾರಾದರೂ ಮೂಗು ಮುಚ್ಚುವರು, ಅದು ಲಕ್ಷಣವಾಗಲಾರದು. ಸುಗಂಧವೇ ಸಹಿಸದಾಗುವುದು ಗರ್ಭದ ಕುರುಹು. ಇಷ್ಟು ಸೂಕ್ಷ್ಮವಾದ ಅವಲೋಕನವು ಗರ್ಭಿಣಿಯರ ಮಾತನ್ನು ಕಿವಿಗೊಟ್ಟು ಕೇಳಿದ ವೈದ್ಯನಿಗೆ ಮಾತ್ರ ಸಾಧ್ಯ. ಸುಶ್ರುತನ ಪದಗಳನ್ನೇ ಹಿಡಿದು ಈ ಲಕ್ಷಣವನ್ನು 'ಗಂಧೋದ್ವೇಗ' ಎಂದು ಕರೆಯಬಹುದು.

ಅದೇ ಅಧ್ಯಾಯದಲ್ಲಿ ಇನ್ನೊಂದು ವಿಷಯವೂ ಇದೆ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯವು ವ್ಯಕ್ತವಾಗುತ್ತದೆ. ಹೃದಯವು ಚೈತನ್ಯದ ನೆಲೆಯಾದುದರಿಂದ ಗರ್ಭವು ಇಂದ್ರಿಯವಿಷಯಗಳನ್ನು ಬಯಸತೊಡಗುತ್ತದೆ. ಎರಡು ಹೃದಯಗಳುಳ್ಳ ಆ ಸ್ತ್ರೀಯನ್ನು 'ದೌಹೃದಿನೀ' ಎನ್ನುತ್ತಾರೆ. ಅವಳ ಇಚ್ಛೆಯನ್ನು ಕಡೆಗಣಿಸಿದರೆ ಗೂನ, ಕುಂಟ, ಕುಳ್ಳ, ಜಡ, ವಿಕೃತಾಕ್ಷನಾದ ಮಗು ಹುಟ್ಟುವುದೆಂಬ ಭಯವನ್ನು ಗ್ರಂಥವು ಮುಂದಿಡುತ್ತದೆ. ಚರಕ ಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯವೂ ದ್ವೈಹೃದಯವನ್ನು ಹೇಳುತ್ತದೆ. ಬಯಕೆ ತೀವ್ರವಾಗಿದ್ದಲ್ಲಿ ಅಹಿತವಾದ ಪದಾರ್ಥವನ್ನಾದರೂ ಹಿತವಾದುದರೊಡನೆ ಬೆರೆಸಿ ಕೊಡಬಹುದೆಂದು ಅನುಮತಿಸುತ್ತದೆ. ಚರಕನ ಲಕ್ಷಣಪಟ್ಟಿಯಲ್ಲಿ ಅರುಚಿ, ವಾಂತಿ, ಹುಳಿಯ ಬಯಕೆ ಇವೆಲ್ಲ ಇವೆ, ಗಂಧೋದ್ವೇಗವಿಲ್ಲ. ಇವೆರಡನ್ನೂ ಸಂಗ್ರಹಿಸಿದ ವಾಗ್ಭಟನ ಅಷ್ಟಾಂಗಹೃದಯದ ಪಟ್ಟಿಯಲ್ಲಿಯೂ ಅದಿಲ್ಲ. ಪಾಠಶಾಲೆಗಳಲ್ಲಿ ಬಾಯಿಪಾಠವಾಗಿ ನಡೆದುಬಂದದ್ದು ಹೆಚ್ಚಾಗಿ ವಾಗ್ಭಟನ ಗ್ರಂಥವೇ ಎಂಬುದನ್ನು ನೆನೆದರೆ, ಸುಶ್ರುತನ ಒಂದು ಅರ್ಧಪಂಕ್ತಿಯು ಹೇಗೆ ಬದಿಗೆ ಸರಿಯಿತೆಂಬುದು ತಿಳಿಯುತ್ತದೆ.

ಹೋಲಿಕೆಗಾಗಿ ಪಶ್ಚಿಮದ ಕಡೆಗೆ ನೋಡಬಹುದು. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ರೋಮ್ ನಗರದಲ್ಲಿ ವೈದ್ಯವೃತ್ತಿ ನಡೆಸಿದ ಎಫೆಸಸ್ಸಿನ ಸೊರಾನಸ್ ಎಂಬವನು ಸ್ತ್ರೀರೋಗಗಳನ್ನು ಕುರಿತ ತನ್ನ ಗ್ರೀಕ್ ಗ್ರಂಥದಲ್ಲಿ ಈ ಅವಸ್ಥೆಗೆ 'ಕಿಸ್ಸಾ' ಎಂಬ ಹೆಸರನ್ನು ಬಳಸಿದ್ದಾನೆ. ಸುಮಾರು ೪೦ನೆಯ ದಿನಕ್ಕೆ ತೊಡಗಿ ಕೆಲವು ತಿಂಗಳು ಇರುವ ಈ ಅವಸ್ಥೆಯಲ್ಲಿ ಓಕರಿಕೆ, ಆಹಾರದ್ವೇಷ, ಮಣ್ಣು-ಇದ್ದಲು-ಹುಳಿಗಾಯಿಗಳ ಬಯಕೆ ಎಲ್ಲವೂ ಸೇರಿವೆ. ಬಯಕೆಯನ್ನು ತೀರಿಸಲೇಬೇಕೆಂಬ ಮಾತನ್ನು ಅವನು ಒಪ್ಪುವುದಿಲ್ಲ. ಹಾನಿಕರವಾದುದನ್ನು ತಡೆಯಬೇಕೆಂಬುದೇ ಅವನ ಮತ. ಗ್ರೀಕ್ ವೈದ್ಯನು 'ಬೇಕು-ಬೇಡ'ಗಳೆರಡನ್ನೂ ಒಂದೇ ರೋಗಾವಸ್ಥೆಯ ಎರಡು ಮುಖಗಳೆಂದು ಕಂಡನು. ನಮ್ಮಲ್ಲಿ 'ಬೇಕು' ಎಂಬುದು ಗರ್ಭದ ಹಕ್ಕಾಯಿತು. 'ಬೇಡ' ಎಂಬುದು ಕೇವಲ ಒಂದು ಲಕ್ಷಣವಾಗಿ ಉಳಿಯಿತು.

೩

'ದೋಹದ' ಎಂಬ ಪದದ ಚರಿತ್ರೆಯೂ ಇದೇ ಕತೆಯನ್ನು ಹೇಳುತ್ತದೆ. ವೈದ್ಯಗ್ರಂಥಗಳು ಇದನ್ನು 'ಎರಡು ಹೃದಯ' ಎಂಬುದರಿಂದ ಸಾಧಿಸುತ್ತವೆ. ಆದರೆ ಮೋನಿಯರ್ ವಿಲಿಯಮ್ಸ್ ತಮ್ಮ ಸಂಸ್ಕೃತ ನಿಘಂಟಿನಲ್ಲಿ (೧೮೯೯) ಇದು ಪ್ರಾಯಶಃ 'ದೌರ್ಹೃದ' ಎಂಬುದರ ಪ್ರಾಕೃತ ರೂಪವೆಂದೂ, ಅದರ ಮೂಲಾರ್ಥ ಹೃದಯದ ಅಸ್ವಾಸ್ಥ್ಯ, ಅರ್ಥಾತ್ ಓಕರಿಕೆ ಎಂದೂ ಸೂಚಿಸಿದ್ದಾರೆ. ಈ ವ್ಯುತ್ಪತ್ತಿಯನ್ನು ಒಪ್ಪಿದರೆ, ಬಯಕೆಯನ್ನು ಹೇಳುವ ಪದದ ಹೊಟ್ಟೆಯಲ್ಲಿಯೇ ಹೇಸಿಕೆ ಅಡಗಿದೆ ಎನ್ನಬೇಕು. ಓಕರಿಕೆಯ ಹೆಸರೇ ಕಾಲಾಂತರದಲ್ಲಿ ಆಸೆಯ ಹೆಸರಾಯಿತು. ಬಳಿಕ ಅದು ಗಿಡಮರಗಳಿಗೂ ಹಬ್ಬಿ, ಸುಂದರಿಯ ಪಾದಸ್ಪರ್ಶವನ್ನು ಬಯಸುವ ಅಶೋಕ, ಅವಳ ಬಾಯಿಯ ಮದ್ಯವನ್ನು ಬಯಸುವ ಬಕುಲ ಎಂಬ ಕವಿಸಮಯವಾಯಿತು.

ಪ್ರಾಕೃತದಲ್ಲಿ ದಕಾರವು ಳಕಾರಕ್ಕೆ ತಿರುಗಿ 'ದೋಹಳ' ಎಂದಾದುದನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರನ ವ್ಯಾಕರಣ ದಾಖಲಿಸಿದೆ. ಮರಾಠಿಯ 'ಡೋಹಾಳೆ' ಈ ರೂಪದಿಂದಲೇ ಬಂದುದು. ಕನ್ನಡವು ಸಂಸ್ಕೃತಪದವನ್ನು ಕಾವ್ಯಕ್ಕೆ ಬಿಟ್ಟು, ಮನೆಮಾತಿನಲ್ಲಿ 'ಬಯಸು' ಧಾತುವಿನಿಂದ 'ಬಯಕೆ'ಯನ್ನು ಉಳಿಸಿಕೊಂಡಿತು. ತುಳುನಾಡು, ಕಾಸರಗೋಡುಗಳಲ್ಲಿ ಗರ್ಭಿಣಿಗೆ ಮಾಡುವ ಸಮಾರಂಭಕ್ಕೇ 'ಬಯಕೆ' ಎಂಬ ಹೆಸರಿದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ೧೯೪೮ರಲ್ಲಿ ಡಾ. ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಆರಂಭವಾದ ಐತಿಹಾಸಿಕ ಸಂಸ್ಕೃತ ಮಹಾಕೋಶವು ಪ್ರತಿಯೊಂದು ಪದದ ಅರ್ಥಪರಿಣಾಮವನ್ನು ಕಾಲಾನುಕ್ರಮದಲ್ಲಿ ಗುರುತಿಸುವ ಮಹಾಕಾರ್ಯ. ಅದರ ಮೊದಲ ಭಾಗ ೧೯೭೬ರಲ್ಲಿ ಹೊರಬಂದಿತು. ಪ್ರಕಟವಾದ ಸಂಪುಟಗಳು ಇನ್ನೂ ಅಕಾರಾದಿ ಪದಗಳಲ್ಲಿವೆ. 'ದೋಹದ'ದ ಸಂಪೂರ್ಣ ವಂಶಾವಳಿಗಾಗಿ ಮುಂದಿನ ಪೀಳಿಗೆಯ ವಿದ್ವಾಂಸರು ಕಾಯಬೇಕಾಗಿದೆ.

೪

ಬಯಕೆಯು ವೈದ್ಯದಿಂದ ಧರ್ಮಶಾಸ್ತ್ರಕ್ಕೆ ದಾಟಿದುದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿ. ಅದರ ಪ್ರಾಯಶ್ಚಿತ್ತಾಧ್ಯಾಯದಲ್ಲಿ ದೇಹೋತ್ಪತ್ತಿಯ ಪ್ರಸಂಗ ಬರುತ್ತದೆ. ದೋಹದವನ್ನು ಕೊಡದಿದ್ದರೆ ಗರ್ಭಕ್ಕೆ ವೈರೂಪ್ಯವೋ ಮರಣವೋ ಉಂಟಾಗುವುದು, ಆದುದರಿಂದ ಸ್ತ್ರೀಗೆ ಪ್ರಿಯವಾದುದನ್ನು ಮಾಡಬೇಕು ಎಂಬುದು ಅಲ್ಲಿಯ ವಿಧಿ. ಈ ಸ್ಮೃತಿಗೆ ಭಾರತದಾದ್ಯಂತ ಪ್ರಮಾಣವೆನಿಸಿದ ವ್ಯಾಖ್ಯಾನ 'ಮಿತಾಕ್ಷರೆ'ಯು ಹುಟ್ಟಿದುದು ಕನ್ನಡನಾಡಿನಲ್ಲಿ—ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ. ವಿಜ್ಞಾನೇಶ್ವರನು ಈ ಶ್ಲೋಕವನ್ನು ವಿವರಿಸುವಾಗ, ಗರ್ಭದ್ದೊಂದು ಹೃದಯ, ಗರ್ಭಿಣಿಯದು ಮತ್ತೊಂದು ಎಂಬ ವೈದ್ಯರ ಮಾತನ್ನೇ ಆಧರಿಸುತ್ತಾನೆ. ದಾಯವಿಭಾಗಕ್ಕಾಗಿ ಇಂಗ್ಲಿಷರ ನ್ಯಾಯಾಲಯಗಳಲ್ಲಿಯೂ ಓದಲ್ಪಟ್ಟ ಈ ಗ್ರಂಥದಲ್ಲಿ ಗರ್ಭಿಣಿಯ ನಾಲಗೆಯ ಇಚ್ಛೆಗೂ ಸ್ಥಾನ ದೊರೆತುದು ಸಣ್ಣ ಮಾತಲ್ಲ. ಆದರೆ ವಿಧಿಯು ರೂಪುಗೊಂಡ ಬಗೆಯನ್ನು ಗಮನಿಸಬೇಕು. ಅವಳು ಬಯಸಿದುದನ್ನು ಕೊಡಬೇಕೆಂದು ಶಾಸ್ತ್ರ ಹೇಳಿತು. ಅವಳು ಸಹಿಸಲಾರದುದನ್ನು ಅವಳ ಮುಂದಿನಿಂದ ತೆಗೆಯಬೇಕೆಂದು ಇದೇ ಬಲದಿಂದ ಹೇಳಲಿಲ್ಲ. ಕೊಡುವುದು ಪುಣ್ಯವಾಯಿತು, ಬಿಡಿಸುವುದು ಯಾರ ಹೊಣೆಯೂ ಆಗಲಿಲ್ಲ.

ಗೃಹ್ಯಸೂತ್ರಗಳ ಸಂಸ್ಕಾರಗಳಲ್ಲಿ ಮೂಗಿಗೆ ಒಂದು ವಿಶಿಷ್ಟ ಸ್ಥಾನವಿದೆ. ಆಶ್ವಲಾಯನನು ಗರ್ಭರಕ್ಷಣೆಗಾಗಿ ಬಾಡದ ಓಷಧಿಯ ರಸವನ್ನು ಪತ್ನಿಯ ಬಲಮೂಗಿನ ಹೊಳ್ಳೆಗೆ ಬಿಡಬೇಕೆನ್ನುತ್ತಾನೆ. ಆಲದ ಚಿಗುರಿನ ರಸವನ್ನು ಹಾಗೆಯೇ ಬಿಡುವ ಪದ್ಧತಿಯೂ ಉಂಟು. ಈ ವಿಧಿಗಳೆಲ್ಲವನ್ನೂ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಪುಣೆಯ ಭಾಂಡಾರಕರ ಸಂಶೋಧನ ಮಂದಿರವು ಪ್ರಕಟಿಸಿದ ತಮ್ಮ ಧರ್ಮಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟದಲ್ಲಿ (೧೯೪೧) ಸಂಗ್ರಹಿಸಿದ್ದಾರೆ. ಮೂಗು ಇಲ್ಲಿ ಗರ್ಭಕ್ಕೆ ದಾರಿ. ಆದರೆ ಆ ದಾರಿಯಲ್ಲಿ ಏನು ಹೋಗಬೇಕೆಂಬುದನ್ನು ನಿರ್ಣಯಿಸುವವನು ಪತಿ.

ಸೀಮಂತೋನ್ನಯನದ ಸುತ್ತ ಬೆಳೆದ ಸ್ತ್ರೀಯರ ಆಚಾರಗಳು ಇದಕ್ಕಿಂತ ಕೋಮಲವಾದುವು. ಉತ್ತರ ಕರ್ನಾಟಕದ 'ಕುಬಸ'ದಲ್ಲಿ ತವರಿನ ಕುಪ್ಪಸ, ಹಸಿರು ಬಳೆ, ಹೂವಿನ ಜಡೆ. ಪುಣೆಯ 'ಡೋಹಾಳ ಜೇವಣ'ದಲ್ಲಿ ಹಸಿರು ಸೀರೆ, ಹೂವಿನ ಒಡವೆ, ಉಯ್ಯಾಲೆ, ಬಗೆಬಗೆಯ ಭಕ್ಷ್ಯ. ತಿಂಗಳಿಗೊಂದು ಬಯಕೆಯನ್ನು ಎಣಿಸುವ ಹಾಡುಗಳು ಎರಡು ಭಾಷೆಗಳಲ್ಲಿಯೂ ಇವೆ. ಈ ಸಮಾರಂಭಗಳು ಸಾಮಾನ್ಯವಾಗಿ ಐದು ಅಥವಾ ಏಳನೆಯ ತಿಂಗಳಿನವು. ಓಕರಿಕೆಯಾದರೋ ಐದಾರನೆಯ ವಾರದಲ್ಲಿ ತೊಡಗಿ, ೯ನೆಯ ವಾರದ ಸುಮಾರಿಗೆ ಏರಿ, ೧೬ರಿಂದ ೨೦ನೆಯ ವಾರದೊಳಗೆ ಬಹುಮಂದಿಯಲ್ಲಿ ಇಳಿದುಹೋಗುತ್ತದೆ. ಹೇಸಿಕೆಯ ಕಾಲ ಮುಗಿದಮೇಲೆ ಹೂವಿನ ಕಾಲ ಮೊದಲಾಗುತ್ತದೆ. ಮಲ್ಲಿಗೆಯ ದಂಡೆಯನ್ನು ಎರಡನೆಯ ತಿಂಗಳಲ್ಲಿ ಮುಡಿಸಿದ್ದರೆ ಎಷ್ಟೋ ಮಂದಿ ಅದನ್ನು ಕಿತ್ತೆಸೆಯುತ್ತಿದ್ದರು. ಆಚಾರವು ಸುಖದ ತಿಂಗಳುಗಳನ್ನು ಆರಿಸಿಕೊಂಡಿತು. ಕಷ್ಟದ ತಿಂಗಳುಗಳನ್ನು ಅಡುಗೆಮನೆಯ ಮೌನಕ್ಕೆ ಬಿಟ್ಟಿತು.

೫

ಕವಿಗಳು ಗರ್ಭಿಣಿಯ ವರ್ಣನೆಯನ್ನು ಬಿಟ್ಟವರಲ್ಲ. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯು ಮಣ್ಣು ತಿನ್ನುತ್ತಾಳೆ. ಮಣ್ಣಿನ ಕಂಪು ಸೂಸುವ ಅವಳ ಮುಖವನ್ನು ದಿಲೀಪನು ಏಕಾಂತದಲ್ಲಿ ಮೂಸಿ ತೃಪ್ತನಾಗದೆ ಇರುತ್ತಾನೆ—ಬೇಸಗೆಯ ಕೊನೆಯಲ್ಲಿ ಮೊದಲ ಹನಿ ಬಿದ್ದ ಕಾಡಿನ ಕೊಳವನ್ನು ಮೂಸುವ ಆನೆಯಂತೆ. ಹೊಸಮಳೆಯ ಈ ಮಣ್ಣಿನ ವಾಸನೆಗೆ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ೧೯೬೪ರಲ್ಲಿ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಉತ್ತರಪ್ರದೇಶದ ಗಂಧಿಗರು ಇದನ್ನು ಮಣ್ಣಿನ ಅತ್ತರಾಗಿ ಬಟ್ಟಿಯಿಳಿಸುತ್ತಿದ್ದುದನ್ನೂ ಅವರು ಬಲ್ಲವರಾಗಿದ್ದರು. ಮಣ್ಣು ತಿನ್ನುವ ಬಯಕೆಗೂ ರಕ್ತದಲ್ಲಿಯ ಕಬ್ಬಿಣದ ಕೊರತೆಗೂ ಸಂಬಂಧವಿರುವುದನ್ನು ಇಂದಿನ ವೈದ್ಯರು ಗುರುತಿಸಿದ್ದಾರೆ. ಕಾಳಿದಾಸನ ಚಿತ್ರ ಅನುಪಮವಾದುದು. ಆದರೆ ಅಲ್ಲಿ ಮೂಸುವವನು ರಾಜ, ಮೂಸಲ್ಪಡುವವಳು ರಾಣಿ. ರಾಣಿಯ ಮೂಗಿಗೆ ಏನಾಯಿತೆಂಬುದು ಕವಿಯ ವಿಷಯವಲ್ಲ.

ಜೈನ ಕಾವ್ಯಗಳಲ್ಲಿ ದೋಹದವು ಹುಟ್ಟಲಿರುವ ಮಗನ ಗುಣಸೂಚಕ. ಪಂಪನ 'ಆದಿಪುರಾಣ'ಕ್ಕೆ (೯೪೧) ಆಕರವಾದ, ಅಮೋಘವರ್ಷನ ಕಾಲದ ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಭರತನನ್ನು ಹೊತ್ತ ಯಶಸ್ವತಿಯು ಕತ್ತಿಯ ಅಲಗಿನಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಾಳೆ. ಶ್ರೇಣಿಕನ ರಾಣಿ ಚೇಲನೆಯಾದರೋ ಗಂಡನ ಮಾಂಸವನ್ನೇ ಬಯಸುತ್ತಾಳೆ. ಹುಟ್ಟಿದ ಕೂಣಿಕನು ತಂದೆಯನ್ನು ಸೆರೆಯಲ್ಲಿಡುತ್ತಾನೆ. ಮಾರಿಸ್ ಬ್ಲೂಮ್‌ಫೀಲ್ಡ್ ೧೯೨೦ರಲ್ಲಿ ಅಮೆರಿಕದ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಭಾರತೀಯ ಕಥೆಗಳ ದೋಹದವನ್ನು ಆರು ಬಗೆಗಳಾಗಿ ವಿಂಗಡಿಸಿದ್ದಾರೆ: ಗಂಡನಿಗೆ ಕೇಡು ತರುವುದು, ಅವನಿಂದ ಸಾಹಸ ಮಾಡಿಸುವುದು, ಪುಣ್ಯಕಾರ್ಯದ ರೂಪದ್ದು, ಕೇವಲ ಅಲಂಕಾರವಾದುದು, ಸ್ತ್ರೀಯು ನಟಿಸುವುದು, ಅವಳನ್ನು ಭ್ರಮೆಗೊಳಿಸಿ ತೀರಿಸುವುದು. ಆರೂ ಬಯಕೆಯ ಬಗೆಗಳೇ. ಕಥೆಯನ್ನು ಮುಂದೆ ನಡೆಸಲು ಬಯಕೆ ಬೇಕು. ಮೂಗು ಮುಚ್ಚಿ ಕುಳಿತ ನಾಯಿಕೆಯಿಂದ ಕಥೆ ಚಲಿಸುವುದಿಲ್ಲ.

ಇನ್ನು ಗಂಧಶಾಸ್ತ್ರ. ದಕ್ಷಿಣಾಪಥವು ಇದರಲ್ಲಿ ಸಮೃದ್ಧವಾದುದು. ಎರಡನೆಯ ಚಾವುಂಡರಾಯನ ಕನ್ನಡ 'ಲೋಕೋಪಕಾರ' (೧೦೨೫) ಗಂಧಯುಕ್ತಿಗೆ ಅಡುಗೆ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಯಲ್ಲಿ ಸ್ಥಾನ ಕೊಟ್ಟಿದೆ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು (ಸು. ೧೧೩೧) ರಾಜನ ೨೦ ಉಪಭೋಗಗಳಲ್ಲಿ ವಿಲೇಪನ, ಮಾಲ್ಯ, ಧೂಪ, ತಾಂಬೂಲಗಳನ್ನು ಎಣಿಸುತ್ತದೆ, ಅದೇ ಪಟ್ಟಿಯಲ್ಲಿ ಪುತ್ರೋಪಭೋಗವೂ ಇದೆ. ಭಾಂಡಾರಕರ ಮಂದಿರದ ಗ್ರಂಥಪಾಲರಾಗಿ ಬಾಳನ್ನೇ ಸವೆಸಿದ ಪ. ಕೃ. ಗೋಡೆಯವರು (ನಿಧನ ೧೯೬೧) ಗಂಗಾಧರನ 'ಗಂಧಸಾರ'ವನ್ನೂ ಮರಾಠಿ ಟೀಕೆಯುಳ್ಳ 'ಗಂಧವಾದ'ವನ್ನೂ ಹಸ್ತಪ್ರತಿಯಿಂದ ಬೆಳಕಿಗೆ ತಂದು, ಭಾರತೀಯ ಸುಗಂಧದ ಇತಿಹಾಸಕ್ಕೆ ತಳಹದಿ ಹಾಕಿದರು. ಈ ಗ್ರಂಥಗಳ ಗುರಿ ಭೋಗಿಯ ಮೂಗನ್ನು ತಣಿಸುವುದು. ಅದೇ ಅರಮನೆಯ ಒಳಗೆ, ಧೂಪದ ಹೊಗೆಗೆ ಮುಖ ತಿರುಗಿಸುವ ಬಸುರಿಯ ಮೂಗು ಅವುಗಳ ಎಲ್ಲೆಯ ಹೊರಗೆ ಉಳಿಯುತ್ತದೆ.

೬

ಮರೆತ ಈ ಎಳೆಯನ್ನು ಆಧುನಿಕ ಯುಗದಲ್ಲಿ ಮತ್ತೆ ಕೈಗೆತ್ತಿಕೊಳ್ಳಬೇಕಾದರೆ, ಪ್ರಸೂತಿಶಾಸ್ತ್ರದಲ್ಲಿ ಸ್ತ್ರೀಯರೇ ಮಾತನಾಡುವಂತಾಗಬೇಕಿತ್ತು. ಆ ಪ್ರವೇಶದ ಮೊದಲ ಹೆಸರುಗಳಲ್ಲೊಂದು ಪುಣೆಗೆ ಸೇರಿದುದು. ಆನಂದಿಬಾಯಿ ಜೋಶಿ (೧೮೬೫–೧೮೮೭) ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನಗಳಲ್ಲಿ ತೀರಿಕೊಂಡಿತು. ಅವರು ಫಿಲಡೆಲ್ಫಿಯದ ಸ್ತ್ರೀವೈದ್ಯ ಕಾಲೇಜಿನಿಂದ ೧೮೮೬ರಲ್ಲಿ ಪದವಿ ಪಡೆದಾಗ ಒಪ್ಪಿಸಿದ ಪ್ರಬಂಧದ ವಿಷಯ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ ಎಂಬುದು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವರಿಗೆ ಹುದ್ದೆ ಕಾದಿತ್ತು. ಅದನ್ನು ವಹಿಸುವ ಮೊದಲೇ, ೧೮೮೭ರ ಫೆಬ್ರವರಿ ೨೬ರಂದು ಪುಣೆಯಲ್ಲಿ ಅವರ ಜೀವನ ಮುಗಿಯಿತು. ಹಳೆಯ ಶಾಸ್ತ್ರವನ್ನೂ ಹೊಸ ವೈದ್ಯವನ್ನೂ ಸ್ವಂತ ಅನುಭವವನ್ನೂ ಕೂಡಿಸಬಲ್ಲವರಾಗಿದ್ದ ಒಂದು ಧ್ವನಿ ೨೧ನೆಯ ವಯಸ್ಸಿನಲ್ಲಿ ನಿಂತಿತು.

ಪಶ್ಚಿಮದ ವೈದ್ಯವಾದರೂ ಗರ್ಭಿಣಿಯ ಮಾತನ್ನು ತಡಮಾಡಿಯೇ ನಂಬಿತು. ಇಪ್ಪತ್ತನೆಯ ಶತಮಾನದ ಬಹುಭಾಗ ತೀವ್ರ ವಾಂತಿಯನ್ನು ಮನೋವಿಕಾರವೆಂದೂ ಗರ್ಭವನ್ನು ಒಲ್ಲದ ಸ್ತ್ರೀಯ ಅವ್ಯಕ್ತ ಪ್ರತಿಭಟನೆಯೆಂದೂ ಬಗೆದ ವೈದ್ಯರಿದ್ದರು. ೨೦೦೪ರಲ್ಲಿ ಸ್ವೀಡನ್ನಿನ ಸಂಶೋಧಕರು ಗರ್ಭಿಣಿಯರನ್ನೇ ಕೇಳಿ ಪ್ರಕಟಿಸಿದ ವರದಿಯಂತೆ, ಶೇ. ೭೬ ಮಂದಿ ವಾಸನೆ ಅಥವಾ ರುಚಿಯಲ್ಲಿ ಬದಲಾವಣೆಯನ್ನು ಕಂಡಿದ್ದರು, ಶೇ. ೬೭ ಮಂದಿಗೆ ಮೂಗು ತೀಕ್ಷ್ಣವಾದಂತೆ ತೋರಿತ್ತು, ಶೇ. ೧೪ ಮಂದಿಗೆ ಇಲ್ಲದ ವಾಸನೆಯೂ ಬಂದಂತಾಗಿತ್ತು. ಆದರೆ ವಾಸನೆಯ ಪ್ರಮಾಣವನ್ನು ಅಳೆದು ನಡೆಸಿದ ಪರೀಕ್ಷೆಗಳಲ್ಲಿ ಮೂಗಿನ ಶಕ್ತಿ ನಿಶ್ಚಿತವಾಗಿ ಹೆಚ್ಚಿದುದು ಕಂಡುಬರಲಿಲ್ಲ. ೨೦೧೪ರಲ್ಲಿ ಈ ಅಧ್ಯಯನಗಳನ್ನೆಲ್ಲ ವಿಮರ್ಶಿಸಿದ ಲೆಸ್ಲಿ ಕ್ಯಾಮರನ್ ಎಂಬ ವಿದುಷಿ ಈ ವೈಷಮ್ಯವನ್ನು ಎತ್ತಿ ತೋರಿಸಿದರು. ಹೆಚ್ಚು ಬದಲಾಗುವುದು ಗಂಧದ ಗ್ರಹಣವಲ್ಲ, ಗಂಧದ ಬಗೆಗಿನ ತೀರ್ಪು ಎಂದು ಇದರಿಂದ ಊಹಿಸಬಹುದು. ಸುಶ್ರುತನ 'ಶುಭ' ಎಂಬ ವಿಶೇಷಣದ ಬೆಲೆ ಇಲ್ಲಿ ಅರಿವಾಗುತ್ತದೆ: ಗಂಧವು ಹೆಚ್ಚಾಯಿತೆಂದು ಅವನು ಹೇಳಲಿಲ್ಲ, ಒಳ್ಳೆಯದು ಸಹಿಸದಾಯಿತು ಎಂದನು.

೨೦೨೩ರ ಡಿಸೆಂಬರಿನಲ್ಲಿ ಮಾರ್ಲೀನಾ ಫೆಜೋ, ಸ್ಟೀಫನ್ ಓರಾಹಿಲಿ ಮೊದಲಾದವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಮತ್ತೊಂದು ಹೆಜ್ಜೆ. ಜಿಡಿಎಫ್-೧೫ ಎಂಬ ಸ್ರಾವವು ಗರ್ಭಕಾಲದಲ್ಲಿ ಹೆಚ್ಚಾಗಿ ಗರ್ಭದ ಕಡೆಯಿಂದಲೇ ತಾಯಿಯ ರಕ್ತಕ್ಕೆ ಬಂದು, ಮಿದುಳಿನ ಹಿಂಭಾಗವನ್ನು ಮುಟ್ಟಿ ಓಕರಿಕೆಯನ್ನು ಉಂಟುಮಾಡುತ್ತದೆ. ಮೊದಲಿನಿಂದ ಆ ಸ್ರಾವ ಕಡಿಮೆ ಇದ್ದವರಿಗೆ ಬಾಧೆ ಹೆಚ್ಚು, ಥಲಸೀಮಿಯಾದಿಂದ ಅದು ಮೊದಲೇ ಹೆಚ್ಚಿದ್ದವರಿಗೆ ಬಾಧೆ ಕಡಿಮೆ. ತಾಯಿಯ ದೇಹದಲ್ಲಿ ಇನ್ನೊಂದು ಜೀವದ ಮಾತು ಕೇಳಿಸುತ್ತದೆಂಬ ದ್ವಿಹೃದಯದ ಕಲ್ಪನೆಯು ಇದನ್ನು ಓದುವಾಗ ನೆನಪಾಗುವುದು ಸಹಜ. ಆದರೆ ಪ್ರಾಚೀನರು ಈ ಸ್ರಾವವನ್ನು ಬಲ್ಲವರಾಗಿದ್ದರೆಂದು ಹೇಳುವುದು ಇತಿಹಾಸವಾಗದು. ಅವರು ಕಂಡದ್ದು ಲಕ್ಷಣ, ಕಾರಣವಲ್ಲ. ಬಯಕೆ ತೀರದಿದ್ದರೆ ಅಂಗವಿಕಲ ಮಗು ಹುಟ್ಟುವುದೆಂಬ ಅವರ ಭಯವೂ ನಿಜವಲ್ಲ. ಆ ಭಯದ ಹೊರೆಯನ್ನು ಎಷ್ಟೋ ತಾಯಂದಿರು ತಪ್ಪಿಲ್ಲದೆ ಹೊತ್ತರು.

೭

ಇದು ಕೇವಲ ಪದಚರ್ಚೆಯಲ್ಲ. ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕರು ೧೯೯೦ರ ದಶಕದಲ್ಲಿ ನಡೆಸಿದ ಮಾತೃಪೋಷಣೆಯ ಅಧ್ಯಯನವು, ೧೮ ಮತ್ತು ೨೮ನೆಯ ವಾರಗಳಲ್ಲಿ ೭೯೭ ಗರ್ಭಿಣಿಯರ ಆಹಾರವನ್ನು ಪರಿಶೀಲಿಸಿ, ಹಸಿರು ಸೊಪ್ಪು, ಹಣ್ಣು, ಹಾಲು ಇವುಗಳ ಸೇವನೆಗೂ ಕೂಸಿನ ಗಾತ್ರಕ್ಕೂ ಸಂಬಂಧವಿರುವುದನ್ನು ೨೦೦೧ರಲ್ಲಿ ತೋರಿಸಿತು. ಏನನ್ನು ತಿನ್ನಬೇಕೆಂಬ ಉಪದೇಶ ಗರ್ಭಿಣಿಗೆ ಎಲ್ಲ ಕಡೆಯಿಂದಲೂ ದೊರೆ��ುತ್ತದೆ. ತಿನ್ನಲು ಆಗುವಂತೆ ಮಾಡುವುದು ಬೇರೆಯದೇ ಕೆಲಸ. ಅದು ಮೂಗಿನಿಂದ ಮೊದಲಾಗುತ್ತದೆ. ಕೂಡು ಮನೆಯಲ್ಲಾಗಲಿ ನಗರದ ಎರಡು ಕೋಣೆಗಳ ಮನೆಯಲ್ಲಾಗಲಿ, ಒಗ್ಗರಣೆಯ ಹೊಗೆಗೆ ಮುಖ ತಿರುಗಿಸುವ ಸೊಸೆಯನ್ನು 'ನಾಜೂಕಿನವಳು' ಎಂದು ಆಡಿಕೊಂಡು ಒಲೆಯ ಮುಂದೆಯೇ ನಿಲ್ಲಿಸುವುದು ಇಂದಿಗೂ ಅಪರೂಪವಲ್ಲ.

ವಿಜ್ಞಾನೇಶ್ವರನು ದೋಹದವನ್ನು ಧರ್ಮವೆಂದು ವಿವರಿಸಿದ ಕಲ್ಯಾಣದಿಂದ ಪುಣೆಗೆ ದಾರಿ ದೂರವಲ್ಲ. ಆ ಧರ್ಮವು ಕುಬಸ, ಡೋಹಾಳ ಜೇವಣಗಳ ರೂಪದಲ್ಲಿ ಇಲ್ಲಿಯ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಅದಕ್ಕೆ ಸುಶ್ರುತನ ಅರ್ಧಪಂಕ್ತಿಯನ್ನು ಸೇರಿಸಿಕೊಳ್ಳುವುದು ಮಾತ್ರ ಉಳಿದಿದೆ. ಬಯಸಿದುದನ್ನು ಏಳನೆಯ ತಿಂಗಳಲ್ಲಿ ಉಡಿತುಂಬ ಕೊಡುವುದು ಎಷ್ಟು ಕರ್ತವ್ಯವೋ, ಎರಡನೆಯ ತಿಂಗಳಲ್ಲಿ ಅವಳು ಒಲ್ಲೆನೆಂದ ವಾಸನೆಯನ್ನು ಪ್ರಶ್ನೆಯಿಲ್ಲದೆ ಅವಳಿಂದ ದೂರವಿಡುವುದೂ ಅಷ್ಟೇ ಕರ್ತವ್ಯ. ದೋಹದ ಎಂಬ ಪದದ ಮೊದಲ ಅರ್ಥಕ್ಕೆ ಸಲ್ಲಬೇಕಾದ ನ್ಯಾಯವೂ ಅದೇ.